ಪದ ಪರಿಚಯ: ಸೋದರ ಬಿದಿಗೆ

ಬಲಿಪಾಡ್ಯದ ಮರುದಿನ, ಅಂದರೆ ಕಾರ್ತಿಕ ಶುದ್ಧ ಬಿದಿಗೆಯಂದು, ಅಣ್ಣತಮ್ಮಂದಿರು ಅಕ್ಕತಂಗಿಯರ ಮನೆಗೆ ಹೋಗಿ, ಆರತಿ ಮಾಡಿಸಿಕೊಂಡು, ಅವರ ಕೈಯಡುಗೆ ಉಂಡು ಬರುವ ಹಬ್ಬಕ್ಕೆ ಸೋದರ ಬಿದಿಗೆ ಎನ್ನುತ್ತಾರೆ. 2025ರಲ್ಲಿ ಇದು ಅಕ್ಟೋಬರ್ 23ರಂದು ಬಂದಿತ್ತು. ಪಂಚಾಂಗಗಳು ಈ ದಿನವನ್ನು ಯಮ ದ್ವಿತೀಯಾ, ಭ್ರಾತೃ ದ್ವಿತೀಯಾ ಅಥವಾ ಭಗಿನೀ ದ್ವಿತೀಯಾ ಎಂದು ಕರೆಯುತ್ತವೆ. ಭಾಲ್ಕಿ, ಔರಾದ, ಬಸವಕಲ್ಯಾಣದ ಕಡೆಯ ಮರಾಠಿ ಮನೆಗಳಲ್ಲಿ ಇದು ‘ಭಾವುಬೀಜ’. ಸೇಡಂ, ಗುರುಮಠಕಲ್‌ಗಳ ಆಚೆ ಗಡಿ ದಾಟಿ ತೆಲುಗು ಮನೆಗೆ ಹೋದರೆ ‘ಭಗಿನೀ ಹಸ್ತ ಭೋಜನ’.

ಒಂದೇ ತಿಥಿಗೆ ಇಷ್ಟು ಹೆಸರುಗಳು ಅಕ್ಕಪಕ್ಕದಲ್ಲೇ ಕೇಳಿಬರುವುದಕ್ಕೆ ನಮ್ಮ ಭಾಗದ ಚರಿತ್ರೆಯೂ ಕಾರಣ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಹಂಚಿಹೋದಾಗ ಬೀದರ್ ಜಿಲ್ಲೆಯ ಉದಗೀರ, ನಿಲಂಗಾ, ಅಹಮದಪುರ ತಾಲ್ಲೂಕುಗಳು ಮರಾಠಿ ಸೀಮೆಗೂ, ಆಗಿನ ಗುಲ್ಬರ್ಗಾ ಜಿಲ್ಲೆಯ ತಾಂಡೂರು, ಕೊಡಂಗಲ್ ತಾಲ್ಲೂಕುಗಳು ತೆಲುಗು ಸೀಮೆಗೂ ಸೇರಿದವು. ಜಿಲ್ಲೆಯೊಳಗೇ ಹೆಣ್ಣು ಕೊಟ್ಟಿದ್ದ ಎಷ್ಟೋ ಮನೆಗಳವರಿಗೆ ಮಗಳ ಊರು ಹೀಗೆ ಬೇರೆ ರಾಜ್ಯದ್ದಾಯಿತು. ಬೀಗತನ ಮಾತ್ರ ಗಡಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಹೆಸರಿನ ಎರಡನೆಯ ಭಾಗ ಸುಲಭ. ಸಂಸ್ಕೃತದ ಪ್ರತಿಪದ ಪಾಡ್ಯವಾದಂತೆ, ತೃತೀಯಾ ತದಿಗೆಯಾದಂತೆ, ದ್ವಿತೀಯಾ ಕನ್ನಡದಲ್ಲಿ ಬಿದಿಗೆಯಾಗಿದೆ. ‘ದ್ವಿ’ಯ ದಕಾರವನ್ನು ಉಳಿಸಿಕೊಂಡ ಹಿಂದಿ ಅದನ್ನು ‘ದೂಜ್’ ಎಂದರೆ, ವಕಾರವನ್ನು ಬಕಾರವಾಗಿಸಿದ ಮರಾಠಿ ‘ಬೀಜ’ ಎಂದಿತು. ಆದ್ದರಿಂದ ಭಾವುಬೀಜದ ‘ಬೀಜ’ಕ್ಕೂ ಬಿತ್ತುವ ಬೀಜಕ್ಕೂ ನಂಟಿಲ್ಲ, ಅಲ್ಲಿನ ‘ಭಾವು’ ನಮ್ಮ ಭಾವನೂ ಅಲ್ಲ, ಮರಾಠಿಯಲ್ಲಿ ಆ ಪದಕ್ಕೆ ಅಣ್ಣ ಅಥವಾ ತಮ್ಮ ಎಂದೇ ಅರ್ಥ.

ಮೊದಲ ಭಾಗದಲ್ಲಿ ಹೆಚ್ಚು ಸ್ವಾರಸ್ಯವಿದೆ. ಸೋದರ ಎಂದರೆ ಸಮಾನ ಉದರದವನು, ಒಂದೇ ಬಸುರಿನಲ್ಲಿ ಹುಟ್ಟಿದವನು. ನಿಘಂಟಿನ ಈ ಅರ್ಥದ ಪ್ರಕಾರ ಇಬ್ಬರು ಗಂಡುಮಕ್ಕಳೂ ಸೋದರರೇ. ಆದರೆ ಕನ್ನಡದ ನಂಟಸ್ತಿಕೆಯ ಪದಗಳಲ್ಲಿ ‘ಸೋದರ’ ಎಂಬುದು ಎಲ್ಲೆಲ್ಲಿ ಬಂದು ಸೇರಿಕೊಂಡಿದೆ ಎಂದು ನೋಡಬೇಕು: ತಾಯಿಯ ಅಣ್ಣತಮ್ಮಂದಿರು ಸೋದರಮಾವಂದಿರು, ತಂದೆಯ ಅಕ್ಕತಂಗಿಯರು ಸೋದರತ್ತೆಯರು, ಗಂಡಸಿಗೆ ಅಕ್ಕತಂಗಿಯರ ಮಗ ಸೋದರಳಿಯ. ತಂದೆಯ ತಮ್ಮನಿಗೆ ಮಾತ್ರ ಈ ವಿಶೇಷಣ ಬೇಡ. ಅವನು ಬರಿಯ ಚಿಕ್ಕಪ್ಪ, ನಮ್ಮ ಕಡೆಯ ಮಾತಿನಲ್ಲಿ ಕಾಕಾ. ತಾಯಿಯ ತಂಗಿಯೂ ಹಾಗೆಯೇ ಬರಿಯ ಚಿಕ್ಕಮ್ಮ. ಅಂದರೆ ಒಂದು ಹೆಣ್ಣು ಒಂದು ಗಂಡು ಜೊತೆಗೆ ಹುಟ್ಟಿ, ಹೆಣ್ಣು ಬೇರೆ ಮನೆಗೆ ಹೋದ ಮೇಲೂ ಉಳಿಯುವ ನಂಟಿಗೆ ಕನ್ನಡಿಗರು ಈ ಪದವನ್ನು ಮೀಸಲಿಟ್ಟಂತಿದೆ. ಬಿದಿಗೆಗೆ ಅಂಟಿಕೊಂಡಿರುವುದು ಈ ಅರ್ಥದ ‘ಸೋದರ’ ಎಂದೇ ನನ್ನ ಎಣಿಕೆ.

ಶುಭದಿನದ ಹೆಸರಿನಲ್ಲಿ ಯಮ ಬಂದು ಕೂತಿರುವುದು ಕೆಲವರಿಗೆ ಕಸಿವಿಸಿ ತರುತ್ತದೆ. ಆದರೆ ‘ಯಮ’ ಎಂಬ ಪದಕ್ಕೆ ಅವಳಿ ಎಂಬ ಅರ್ಥವೂ ಉಂಟು. ‘ಯಮಳ’ ಎಂಬ ಪದದಲ್ಲಿ ಅದು ಇಂದಿಗೂ ಉಳಿದಿದೆ. ವಿವಸ್ವಂತನೆಂಬ ಸೂರ್ಯನಿಗೆ ಹುಟ್ಟಿದ ಅವಳಿಗಳು ಯಮ ಮತ್ತು ಯಮಿ. ಋಗ್ವೇದದ ಹತ್ತನೆಯ ಮಂಡಲದಲ್ಲಿ ಇವರಿಬ್ಬರ ಸಂವಾದವೇ ಒಂದು ಸೂಕ್ತವಾಗಿದೆ. ಮನುಷ್ಯರಲ್ಲಿ ಮೊದಲು ಸತ್ತು ಆ ದಾರಿಯನ್ನು ಕಂಡುಕೊಂಡವನು ಯಮ ಎಂಬ ನಂಬಿಕೆಯೂ ವೇದಕಾಲದ್ದು. ಮೈತ್ರಾಯಣೀ ಸಂಹಿತೆಯಲ್ಲಿ ಒಂದು ಪುಟ್ಟ ಕಥೆ ಬರುತ್ತದೆ. ಯಮ ಸತ್ತಾಗ ದೇವತೆಗಳು ಯಮಿಯನ್ನು ಎಷ್ಟು ಸಂತೈಸಿದರೂ ಅವಳು ‘ಇವತ್ತು ತಾನೇ ಸತ್ತ’ ಎನ್ನುತ್ತಲೇ ಇದ್ದಳು. ಆಗ ಇನ್ನೂ ಇರುಳು ಎಂಬುದು ಇರಲಿಲ್ಲವಾದ್ದರಿಂದ ಅವಳ ಪಾಲಿಗೆ ‘ಇವತ್ತು’ ಮುಗಿಯುವಂತೆಯೇ ಇರಲಿಲ್ಲ. ದೇವತೆಗಳು ಇರುಳನ್ನು ಸೃಷ್ಟಿಸಿದರು. ನಾಳೆ ಎಂಬುದು ಹುಟ್ಟಿತು. ಅವಳ ದುಃಖ ಇಳಿಯಿತು. ಪುರಾಣಗಳ ಕಾಲಕ್ಕೆ ಈ ಯಮಿಯೇ ಯಮುನಾ ನದಿಯಾದಳು.

ಹಬ್ಬಕ್ಕೆ ಆಧಾರವಾಗಿ ಹೇಳುವ ಕಥೆ ಇದರ ಮುಂದಿನದು. ಕೆಲಸದ ನಡುವೆ ತಂಗಿಯನ್ನೇ ಮರೆತಿದ್ದ ಯಮ ಈ ಬಿದಿಗೆಯಂದು ಯಮುನೆಯ ಮನೆಗೆ ಬಂದ. ಅವಳು ಆದರಿಸಿ ಉಣಬಡಿಸಿದಳು. ಸಂತೋಷಗೊಂಡ ಯಮ, ಈ ದಿನ ಒಡಹುಟ್ಟಿದವಳ ಕೈಯಲ್ಲಿ ಉಂಡವನಿಗೆ ತನ್ನ ಭಯವಿಲ್ಲ ಎಂದು ವರ ಕೊಟ್ಟ. ಮಥುರೆಯ ವಿಶ್ರಾಮ ಘಾಟಿನಲ್ಲಿ ಅಣ್ಣತಂಗಿಯರು ಈ ದಿನ ಕೈಕೈ ಹಿಡಿದು ಯಮುನೆಯಲ್ಲಿ ಮುಳುಗು ಹಾಕುವುದು ಇದೇ ಕಾರಣಕ್ಕೆ. ನರಕಾಸುರನನ್ನು ಕೊಂದು ಬಂದ ಕೃಷ್ಣನಿಗೆ ಸುಭದ್ರೆ ಆರತಿ ಬೆಳಗಿದಳೆಂಬ ಇನ್ನೊಂದು ಕಥೆಯೂ ಇದೆ.

ಆಚರಣೆಯ ಮುಖ್ಯ ಅಂಗ ಊಟ. ಈ ದಿನ ಗಂಡಸು ತನ್ನ ಮನೆಯಲ್ಲಿ ಉಣ್ಣಬಾರದು, ಅಕ್ಕನದೋ ತಂಗಿಯದೋ ಕೈಯಿಂದಲೇ ಉಣ್ಣಬೇಕು ಎಂದು ಧರ್ಮಶಾಸ್ತ್ರದ ನಿಬಂಧಗಳು ವಿಧಿಸುತ್ತವೆ. ಸ್ವಂತ ಅಕ್ಕತಂಗಿಯರಿಲ್ಲದವನು ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವಂದಿರ ಹೆಣ್ಣುಮಕ್ಕಳ ಮನೆಗಾದರೂ ಹೋಗಬಹುದು. ಬಡಿಸುವಾಗ ಹೇಳುವ ಸಂಸ್ಕೃತ ಪ್ರಾರ್ಥನೆಯಲ್ಲಿ ತಂಗಿಯಾದರೆ ‘ನಿನ್ನ ನಂತರ ಹುಟ್ಟಿದವಳು’ ಎಂದೂ, ಅಕ್ಕನಾದರೆ ‘ನಿನಗಿಂತ ಮೊದಲು ಹುಟ್ಟಿದವಳು’ ಎಂದೂ ಪಾಠವನ್ನು ಬದಲಿಸಬೇಕು. ಊಟದ ಹೊತ್ತೂ ಗೊತ್ತುಮಾಡಿದ್ದೇ: ಹಗಲನ್ನು ಐದು ಪಾಲು ಮಾಡಿದರೆ ನಾಲ್ಕನೆಯದಾದ ಅಪರಾಹ್ನ, ಅಂದರೆ ಈ ಋತುವಿನಲ್ಲಿ ಸರಿಸುಮಾರು ಮಧ್ಯಾಹ್ನ 1.15ರಿಂದ 3.30ರವರೆಗೆ. ಬೆಳಗಿನ ಬಸ್ಸು ಹಿಡಿದು ಕಲಬುರಗಿಯಿಂದ ಸೊಲ್ಲಾಪುರಕ್ಕೋ ಬೀದರಿನಿಂದ ಉದಗೀರಕ್ಕೋ ಹೊರಡುವವನಿಗೆ ಇದಕ್ಕಿಂತ ಅನುಕೂಲವಾದ ಮುಹೂರ್ತ ಇರಲಾರದು.

ಮನೆಯಲ್ಲಿ ನಡೆಯುವುದು ಇಷ್ಟು. ರಂಗೋಲಿಯ ಮೇಲೆ ಮಣೆ ಹಾಕಿ ಅಣ್ಣನನ್ನು ಕೂಡಿಸಿ, ಹಣೆಗೆ ಕುಂಕುಮವಿಟ್ಟು, ತಲೆಯ ಮೇಲೆ ಅಕ್ಷತೆ ಹಾಕಿ, ಆರತಿ ಬೆಳಗುತ್ತಾರೆ. ವಯಸ್ಸಿನಲ್ಲಿ ಕಿರಿಯರಾದವರು ಹಿರಿಯರಿಗೆ ನಮಸ್ಕರಿಸುತ್ತಾರೆ. ಅಣ್ಣ ಆರತಿ ತಟ್ಟೆಯಲ್ಲಿ ಹಣವನ್ನೋ ಕುಪ್ಪಸದ ಖಣವನ್ನೋ ಇಡುತ್ತಾನೆ. ಅನುಕೂಲವಿದ್ದವನು ಸೀರೆಯ ಆಯೇರ ಮಾಡುತ್ತಾನೆ. ಎಲೆಯಲ್ಲಿ ಹೋಳಿಗೆ, ತುಪ್ಪ, ಕಟ್ಟಿನ ಸಾರು, ಹಪ್ಪಳ, ದೀಪಾವಳಿಗೆ ಕರಿದಿಟ್ಟ ಕರ್ಚಿಕಾಯಿ.

ನಮ್ಮ ಜಿಲ್ಲೆಗಳಲ್ಲಿ ಈ ಹಬ್ಬಕ್ಕೆ ನಾಗರ ಪಂಚಮಿಯಷ್ಟು ಸದ್ದಿಲ್ಲ. ಒಡಹುಟ್ಟಿದವರ ಹಬ್ಬವೆಂದರೆ ಇಲ್ಲಿಯ ಹಳ್ಳಿಗಳಿಗೆ ಮೊದಲು ನೆನಪಾಗುವುದು ಪಂಚಮಿಯೇ: ಅಣ್ಣ ಕರೆಯಲು ಬರಬೇಕು, ತಂಗಿ ತವರಿಗೆ ಹೋಗಿ ಜೋಕಾಲಿ ಆಡಬೇಕು, ಉಂಡಿ ತಿನ್ನಬೇಕು, ಹೊರಡುವಾಗ ಉಡಿ ತುಂಬಿಸಿಕೊಳ್ಳಬೇಕು. ಬಿದಿಗೆಯಲ್ಲಿ ಹಾದಿ ತಿರುವುಮುರುವಾಗುತ್ತದೆ. ಪಂಚಮಿಯಲ್ಲಿ ಅವಳು ತವರಿನ ಮಗಳು. ಬಿದಿಗೆಯಲ್ಲಿ ತನ್ನ ಮನೆಯ ಯಜಮಾನಿ, ಅವನು ಅತಿಥಿ. ಅಣ್ಣ ಪಂಚಮಿಗೆ ಬಂದಾಗ ಹೊಸ್ತಿಲಲ್ಲೇ ಅವಸರ ಮಾಡಿ ತಂಗಿಯನ್ನು ಹೊರಡಿಸಿಕೊಂಡು ಹೋಗುವುದುಂಟು. ಬಿದಿಗೆಗೆ ಬಂದವನು ಮಣೆಯ ಮೇಲೆ ಕೂತು, ಅವಳು ಬಡಿಸಿದ್ದನ್ನು ಉಂಡು, ಅವಳ ಸಂಸಾರ ಹೇಗೆ ನಡೆದಿದೆ ಎಂಬುದನ್ನು ಕೇಳದೆಯೇ ಕಂಡುಕೊಳ್ಳುತ್ತಾನೆ. ಶ್ರಾವಣದ ನೂಲಹುಣ್ಣಿಮೆಗೆ ಕಟ್ಟುವ ರಾಖಿ ಈಚೆಗೆ ಪೇಟೆಗಳಲ್ಲಿ ಎರಡನ್ನೂ ಮೀರಿಸಿದೆಯಾದರೂ, ಅಂಚೆಯಲ್ಲಿ ಕಳಿಸಬಹುದಾದ ರಾಖಿಗೂ ಹೋಗಿಯೇ ಉಣ್ಣಬೇಕಾದ ಬಿದಿಗೆಗೂ ಹೋಲಿಕೆ ಕಡಿಮೆ.

ಅಣ್ಣತಮ್ಮಂದಿರೇ ಇಲ್ಲದವಳಿಗೂ ಮರಾಠಿ ಮನೆಗಳ ಪದ್ಧತಿಯಲ್ಲಿ ಒಂದು ದಾರಿಯಿದೆ. ಬಿದಿಗೆಯ ಚಂದ್ರ ಅಮಾವಾಸ್ಯೆ ಕಳೆದು ಮೊದಲು ಕಾಣಿಸುವ ತೆಳುಗೆರೆ. ಹೊತ್ತು ಮುಳುಗಿದ ಮೇಲೆ ಪಡುವಣದಲ್ಲಿ ಸ್ವಲ್ಪ ಹೊತ್ತು ಮಾತ್ರ ನಿಂತು ಅದೂ ಇಳಿದುಹೋಗುತ್ತದೆ. ಅಷ್ಟರೊಳಗೆ ಅವಳು ಅಂಗಳಕ್ಕೆ ಬಂದು ಆ ಚಂದ್ರನನ್ನೇ ಅಣ್ಣನೆಂದು ಭಾವಿಸಿ ಆರತಿ ಬೆಳಗುತ್ತಾಳೆ. ತಾಯಿಯ ಅಣ್ಣನಾದ ಮೇಲೆ ಮಕ್ಕಳಿಗೆ ಅವನು ಚಂದಮಾಮ.