ಓದುಗರ ಪ್ರಶ್ನೆ: ಕಾಲೇಜು ಮಕ್ಕಳು ಕುಡಿದು ಗಾಡಿ ಓಡಿಸದಂತೆ ಊರಿನವರು ಏನು ಮಾಡಬಹುದು?

ಪ್ರಶ್ನೆ: ನಮ್ಮದು ವಿರಾಜಪೇಟೆ ಹತ್ತಿರ. ಮದುವೆ, ಹಬ್ಬ ಅಂದರೆ ಡ್ರಿಂಕ್ಸ್ ಇದ್ದೇ ಇರುತ್ತದೆ. ಕಾಲೇಜು ಹುಡುಗರು ಕುಡಿದು ಬೈಕ್ ಹತ್ತುತ್ತಾರೆ. ಎಲ್ಲಾ ಕಡೆ ಪೊಲೀಸರು ಇರಲು ಆಗುವುದಿಲ್ಲ, ಅಲ್ವಾ? ನಾವು ಏನು ಮಾಡಬಹುದು?

ಉತ್ತರ: ಊಟದ ಏರ್ಪಾಡು ಮಾಡುವಾಗಲೇ ಮನೆಗೆ ವಾಪಸ್ ಹೋಗುವ ಏರ್ಪಾಡನ್ನೂ ಮಾಡಿ. ನಮ್ಮ ಕೊಡಗು ಜಿಲ್ಲೆಯಲ್ಲಿ ಇದಕ್ಕಿಂತ ದೊಡ್ಡ ಕೆಲಸ ಇಲ್ಲ.

ರಾತ್ರಿ ಹನ್ನೊಂದಕ್ಕೆ ಸಮಾಜದ ಹಾಲ್‌ನಿಂದ ಹೊರಬಂದ ಹುಡುಗನಿಗೆ ಬಸ್ಸಿಲ್ಲ, ಆಟೋ ಇಲ್ಲ. ಮನೆ ಎಲ್ಲೋ ತೋಟದೊಳಗೆ. ಜೇಬಿನಲ್ಲಿ ಬೈಕ್ ಕೀ ಇದೆ. ಆ ಹೊತ್ತಿಗೆ ಬುದ್ಧಿವಾದ ನೆನಪಾಗುವುದಿಲ್ಲ. ಮಾಕುಟ್ಟ, ಸಂಪಾಜೆ ಘಾಟಿಯ ತಿರುವುಗಳು, ಮಳೆಗಾಲದ ಮಂಜು, ತಿತಿಮತಿ ಕಡೆ ರಸ್ತೆಗೆ ಬರುವ ಆನೆ: ಪೂರ್ತಿ ಎಚ್ಚರ ಇದ್ದವರಿಗೇ ಕಷ್ಟ.

ಹಾಗಾಗಿ ಮದುವೆ ಮನೆಯವರು ಕೊನೆಯ ಅತಿಥಿ ಹೋಗುವವರೆಗೆ ಒಂದು ಜೀಪ್ ಗೊತ್ತು ಮಾಡಲಿ. ಹಾಲ್ ಬಾಡಿಗೆಗೆ ಕೊಡುವ ಸಮಾಜದ ಕಮಿಟಿಗಳು ಇದನ್ನೇ ಷರತ್ತು ಮಾಡಬಹುದು. ಕುಡಿಯದ ಒಬ್ಬ ಹಿರಿಯರು ಗೇಟಿನ ಹತ್ತಿರ ನಿಂತು ಕೀ ಇಸಿದುಕೊಳ್ಳಲಿ. ಪಟ್ಟೆದಾರರು, ಅಂದರೆ ಮನೆತನದ ಹಿರಿಯರು, ಕೇಳಿದರೆ ಹುಡುಗರು ಇಲ್ಲ ಅನ್ನುವುದು ಕಷ್ಟ. ಕಾಲೇಜುಗಳು ನಂಬಿಕಸ್ಥ ಜೀಪ್, ಆಟೋ ಚಾಲಕರ ನಂಬರುಗಳನ್ನು ಮಕ್ಕಳಿಗೆ ಕೊಡಲಿ. ಹೋಂಸ್ಟೇಯವರು ಕುಡಿದವರನ್ನು ಕಳಿಸದೆ ಅಲ್ಲೇ ಮಲಗಿಸಲಿ.

"ಕಡು ಕಾಫಿ ಕುಡಿದರೆ ಇಳಿಯುತ್ತೆ" ಅನ್ನುವ ಮಾತು ನಮ್ಮಲ್ಲಿ ಜಾಸ್ತಿ. ಇಳಿಯುವುದಿಲ್ಲ. ಕಾಫಿ ನಿದ್ದೆ ಓಡಿಸಬಹುದು, ರಕ್ತದಲ್ಲಿರುವ ಮದ್ಯವನ್ನಲ್ಲ. ಅದನ್ನು ಲಿವರ್ ತನ್ನದೇ ನಿಧಾನದಲ್ಲಿ ಕರಗಿಸಬೇಕು. ತಣ್ಣೀರು ಸ್ನಾನಕ್ಕೂ ಇದೇ ಮಾತು. ಜಾಸ್ತಿ ಕುಡಿದವರಿಗೆ ಬೆಳಿಗ್ಗೆಯೂ ಉಳಿದಿರುತ್ತದೆ. ಮಡಿಕೇರಿ ದಸರಾದಲ್ಲಿ ದಶಮಂಟಪಗಳ (ಹತ್ತು ದೇವಸ್ಥಾನಗಳ ಮೆರವಣಿಗೆ ಮಂಟಪಗಳು) ಹಿಂದೆ ರಾತ್ರಿಯಿಡೀ ಕುಣಿದು, ನಸುಕಿಗೆ ಬೈಕ್ ಹತ್ತುವ ಮಕ್ಕಳ ಬಗ್ಗೆ ನನಗೆ ಅದಕ್ಕೇ ಹೆಚ್ಚು ಭಯ. ನಿದ್ದೆಗೇಡು ಬೇರೆ.

ಕಾನೂನನ್ನೂ ಹೇಳಿಬಿಡುತ್ತೇನೆ. 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ ಮೀರಿ ಮದ್ಯ ಇದ್ದರೆ, ಮೊದಲ ಸಲವೇ 6 ತಿಂಗಳವರೆಗೆ ಜೈಲು, 10,000 ರೂಪಾಯಿ ದಂಡ ಅಥವಾ ಎರಡೂ ಆಗಬಹುದು. ಗಾಂಜಾ ಸೇದಿ ಓಡಿಸುವುದೂ ಮೋಟಾರು ವಾಹನ ಕಾಯ್ದೆಯ ಇದೇ ಕಲಂ 185ರ ಅಪರಾಧ. 18 ತುಂಬದ ಮಕ್ಕಳ ಕೈಗೆ ಗ್ಲಾಸ್ ಕೊಟ್ಟ ದೊಡ್ಡವರಿಗೆ ಬಾಲನ್ಯಾಯ ಕಾಯ್ದೆಯಲ್ಲಿ 7 ವರ್ಷದವರೆಗೆ ಶಿಕ್ಷೆ ಇದೆ. ಪ್ರೀತಿಯಿಂದ "ಒಂದೇ ಒಂದು" ಅನ್ನುವ ಮಾವಂದಿರು ಇದನ್ನು ದಯವಿಟ್ಟು ತಿಳಿದಿರಲಿ.

ಇನ್ನು ಅಪ್ಪ ಅಮ್ಮಂದಿರಿಗೆ. "ಕುಡಿದಿದ್ದೇನೆ, ಬಂದು ಕರ್ಕೊಂಡು ಹೋಗಿ" ಎಂದು ಮಗನೋ ಮಗಳೋ ಫೋನ್ ಮಾಡಿದರೆ ಸುಮ್ನೆ ಹೋಗಿ ಕರೆತನ್ನಿ. ಆ ರಾತ್ರಿ ಬೈಯಬೇಡಿ. ಬೈದರೆ ಮುಂದಿನ ಸಲ ಫೋನ್ ಬರುವುದಿಲ್ಲ. ಮಾತು ಮರುದಿನ ಆಡಿ, ಖಂಡಿತ ಆಡಿ.

ದಾರಿಯಲ್ಲಿ ಬಿದ್ದವರನ್ನು ಕಂಡರೆ 108ಕ್ಕೆ ಕರೆ ಮಾಡಿ. ಕೇಸಿನ ಭಯ ಬೇಡ. ಸಹಾಯ ಮಾಡಿದವರ ಹೆಸರು, ವಿಳಾಸ ಕೊಡಲೇಬೇಕೆಂದು ಪೊಲೀಸರೂ ಆಸ್ಪತ್ರೆಯವರೂ ಒತ್ತಾಯಿಸುವಂತಿಲ್ಲ.