ಬೆಕ್ಕು, ಬೀದಿ ಮರಿ, ಕ್ಯಾಮೆರಾ: ಎಷ್ಟು ದೂರದಿಂದ ತೆಗೀಬೇಕು ಅನ್ನೋದರ ನೋಟ್ಸ್

ಬೆಕ್ಕಿನ ಫೋಟೋ ಕಲಿಯೋಕೆ ಶುರು ಮಾಡಿದೋರು ಮೊದಲು ಕೇಳೋದು ಯಾವ ಕ್ಯಾಮೆರಾ, ಯಾವ ಲೆನ್ಸ್ ಅಂತ. ನನ್ನ ಪ್ರಕಾರ ಮೊದಲು ಕೇಳ್ಕೋಬೇಕಾದ್ದು ಈ ಬೆಕ್ಕು ನಮ್ಮನ್ನ ಎಷ್ಟು ಹತ್ರ ಬಿಟ್ಕೊಳ್ಳತ್ತೆ ಅಂತ. ಮನೇಲಿ ಸಾಕಿರೋದು ಲೆನ್ಸಿಗೇ ಬಂದು ಕೆನ್ನೆ ಉಜ್ಜತ್ತೆ, ಆಗಾಗ ಬಂದು ಹೋಗೋ ಬೀದಿ ಮರಿ ಬಾಗಿಲ ಚಿಲಕದ ಸದ್ದಿಗೇ ಓಡತ್ತೆ. ಆ ದೂರ ಎಷ್ಟು ಅನ್ನೋದು ಬೆಕ್ಕಿಗೆ ಬಿಟ್ಟಿದ್ದು, ಲೆನ್ಸು, ಅಪರ್ಚರ್ರು (ಲೆನ್ಸಲ್ಲಿ ಬೆಳಕು ಬರೋ ತೂತಿನ ಅಳತೆ), ಶಟರ್ರು (ಬೆಳಕು ಎಷ್ಟು ಹೊತ್ತು ಒಳಗೆ ಬರ್ಬೇಕು ಅನ್ನೋದು) ಎಲ್ಲಾ ಆಮೇಲೆ ಆ ದೂರಕ್ಕೆ ಹೊಂದಿಸ್ಕೊಳ್ಳೋದು. ಹಾಗಾಗಿ ಈ ನೋಟ್ಸಲ್ಲಿ ಎಲ್ಲಾದನ್ನೂ ದೂರದ ಲೆಕ್ಕದಲ್ಲೇ ಬರ್ದಿದೀನಿ.

ಮೊದಲು ಮನೆ ಬೆಕ್ಕು. ಮುದ್ದಾಗಿದೆ ಅಂತ ಫೋನನ್ನ ಮುಖದ ಹತ್ರ ಹಿಡೀಬೇಡಿ. ಬೆಕ್ಕಿಗೆ ಸುಮಾರು 25 ಸೆಂಟಿಮೀಟರಿಗಿಂತ ಹತ್ರ ಇರೋದು ಸ್ಪಷ್ಟವಾಗಿ ಕಾಣಲ್ಲ, ಅಷ್ಟು ಹತ್ರದ ವಸ್ತುನ ಅದು ಮೂಗು ಮೀಸೆಯಿಂದ ಗುರುತು ಹಿಡಿಯತ್ತೆ, ಅದಕ್ಕೇ ಫೋನ್ ಹತ್ರ ಬಂದ ತಕ್ಷಣ ಮೀಸೆ ಮುಂದಕ್ಕೆ ಬರತ್ತೆ, ಕತ್ತು ಉದ್ದ ಆಗತ್ತೆ, ನಮಗೆ ಸಿಗೋದು ಬರೀ ಮೂಗು. ಜೊತೆಗೆ ಫೋನಿನ ಮೇನ್ ಕ್ಯಾಮೆರಾ ವೈಡ್ ಆಗಿರೋದ್ರಿಂದ ಹತ್ರ ಹೋದಷ್ಟೂ ಮೂಗು ದೊಡ್ಡದಾಗಿ ಕಿವಿ ಚಿಕ್ಕದಾಗಿ ಬರತ್ತೆ. ಎರಡು ಹೆಜ್ಜೆ ಹಿಂದೆ ಬಂದು 2ಎಕ್ಸ್ ಜೂಮ್ ಹಾಕಿ ತೆಗೀರಿ, ಅದೇ ಬೆಕ್ಕಿನ ಮುಖ ನಾವು ದಿನಾ ನೋಡೋ ಥರ ಬರತ್ತೆ. ಇನ್ನು ಪೋರ್ಟ್ರೇಟ್ ಮೋಡ್ ಬಗ್ಗೆ ಒಂದು ಮಾತು, ಹಿನ್ನೆಲೆ ಬ್ಲರ್ ಮಾಡೋವಾಗ ಫೋನು ಎಷ್ಟೋ ಸಲ ಮೀಸೇನೂ ಕಿವಿ ಒಳಗಿನ ಕೂದಲನ್ನೂ ಹಿನ್ನೆಲೆ ಅಂದ್ಕೊಂಡು ಅಳಿಸಿಬಿಡತ್ತೆ. ಬೆಕ್ಕಿಗೆ ಒಂದೊಂದು ಕಡೆ ಸುಮಾರು 12 ಮೀಸೆ ಇರತ್ತೆ, ನಾಲ್ಕು ಸಾಲಲ್ಲಿ, ಅರ್ಧ ಮೀಸೆ ಹೋದ ಬೆಕ್ಕಿನ ಮುಖ ನೋಡೋಕೆ ನಂಗಂತೂ ಬೇಜಾರು. ಆ ಮೋಡ್ ಬಿಟ್ಟು, ಬೆಕ್ಕಿನ ಹಿಂದಿರೋ ಗೋಡೇನೇ ದೂರ ಇರೋ ಜಾಗದಲ್ಲಿ ತೆಗೀರಿ.

ಕ್ಯಾಮೆರಾ ಇರೋರಿಗೆ ದೂರದ ಲೆಕ್ಕ ಇನ್ನೂ ಚೆನ್ನಾಗಿ ಅರ್ಥ ಆಗತ್ತೆ. ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾಗೆ 50 ಎಂಎಂ ಲೆನ್ಸ್ ಹಾಕಿ ಅಪರ್ಚರ್ ಎಫ್ 1.8 ಇಟ್ಟು (ಎಫ್ ಸಂಖ್ಯೆ ಚಿಕ್ಕದಾದಷ್ಟೂ ತೂತು ದೊಡ್ಡದು) 1 ಮೀಟರ್ ದೂರದಿಂದ ತೆಗೆದ್ರೆ ಶಾರ್ಪ್ ಆಗಿ ಬರೋ ಭಾಗ ಒಟ್ಟು 4 ಸೆಂಟಿಮೀಟರ್ ಅಷ್ಟೇ, ಅಂದ್ರೆ ಕಣ್ಣಿಗೆ ಫೋಕಸ್ ಮಾಡಿದ್ರೆ ಮೂಗಿನ ತುದಿ ಆಗ್ಲೇ ಮೆತ್ತಗಾಗಿರತ್ತೆ, ಬೆಕ್ಕು ಸ್ವಲ್ಪ ಓರೆಯಾಗಿ ಕೂತಿದ್ರೆ ಆಚೆ ಕಣ್ಣೂ ಹೋಯ್ತು. ಅದೇ ಲೆನ್ಸು ಅದೇ ಅಪರ್ಚರಲ್ಲಿ 2 ಮೀಟರಿಗೆ ಹೋಗಿ, ಆ 4 ಸೆಂಟಿಮೀಟರ್ 17ರ ಹತ್ರ ಆಗತ್ತೆ. ದೂರ ಎರಡು ಪಟ್ಟಾದ್ರೆ ಶಾರ್ಪ್ ಭಾಗ ಹೆಚ್ಚುಕಮ್ಮಿ ನಾಲ್ಕು ಪಟ್ಟು. ಹತ್ರದಿಂದಲೇ ಬೇಕು ಅಂದ್ರೆ ಎಫ್ 4ಕ್ಕೆ ಬನ್ನಿ, 1 ಮೀಟರಲ್ಲೂ 9-10 ಸೆಂಟಿಮೀಟರ್ ಸಿಗತ್ತೆ, ಮುಖಕ್ಕೆ ಸಾಕು. ಫೋಕಸ್ ಯಾವಾಗ್ಲೂ ನಮಗೆ ಹತ್ರ ಇರೋ ಕಣ್ಣಿಗೆ. ಪ್ರಾಣಿಗಳ ಕಣ್ಣು ಹುಡುಕೋ ಆಟೋಫೋಕಸ್ ಈಗ ಸುಮಾರು ಕ್ಯಾಮೆರಾಗಳಲ್ಲಿದೆ (ಸೋನಿ 2019ರಲ್ಲಿ ಆಗ್ಲೇ ಇದ್ದ ಮಾಡೆಲ್‌ಗೂ ಬರೀ ಅಪ್‌ಡೇಟಲ್ಲೇ ಕೊಡ್ತು), ಅದನ್ನ ಆನ್ ಮಾಡಿಟ್ಕೊಳ್ಳಿ. ಆದ್ರೆ ಕತ್ತಲೆ ಕೋಣೆಲಿ ಕಪ್ಪು ಬೆಕ್ಕು ಅಂದ್ರೆ ಅದೂ ತಡಕಾಡತ್ತೆ, ಆಗ ಒಂದೇ ಫೋಕಸ್ ಪಾಯಿಂಟ್ ಇಟ್ಕೊಂಡು ಕಣ್ಣಿನ ಅಂಚಿಗೆ ಕೂರಿಸಿ.

ಶಟರ್ ಸ್ಪೀಡ್ ಬೇಗ ಮುಗಿಸ್ತೀನಿ: ಮಲಗಿದ್ರೆ 1/60 ಸೆಕೆಂಡು, ಕೂತಿದ್ರೆ 1/125, ನಡೀತಿದ್ರೆ 1/250, ಆಟ ಆಡ್ತಿದ್ರೆ 1/500ರಿಂದ 1/1000. ಹತ್ರ ಇದ್ದಷ್ಟೂ ಅದೇ ಚಲನೆ ಫ್ರೇಮಲ್ಲಿ ಜಾಸ್ತಿ ಜಾಗ ದಾಟತ್ತೆ, ಹಾಗಾಗಿ ಹತ್ರದ ಮರಿಗೆ ಇದಕ್ಕಿಂತ ಒಂದು ಹಂತ ಮೇಲೇ ಇಟ್ಕೊಳ್ಳಿ. ಬೆಳಕು ಸಾಲದೇ ಹೋದ್ರೆ ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋ ಅಳತೆ) 3200 ಆದ್ರೂ ಪರವಾಗಿಲ್ಲ. ನಾಯ್ಸ್ (ಫೋಟೋ ಮೇಲೆ ಬರೋ ಕಾಳು ಕಾಳು ಚುಕ್ಕೆ) ಆಮೇಲೆ ಕಮ್ಮಿ ಮಾಡ್ಬಹುದು, ಶೇಕ್ ಆಗಿರೋದನ್ನ ಸರಿ ಮಾಡೋಕೆ ಆಗಲ್ಲ. ಫೋನಿನ ನೈಟ್ ಮೋಡ್ ಹಲವಾರು ಫ್ರೇಮ್ ಸೇರಿಸಿ ಒಂದು ಮಾಡೋದು, ಆ ನಡುವೆ ಮರಿ ಅಲ್ಲಾಡಿದ್ರೆ ಎರಡು ಬಾಲ ಬರತ್ತೆ, ಅದನ್ನ ಮಲಗಿರೋ ಬೆಕ್ಕಿಗೆ ಮಾತ್ರ ಬಳಸಿ.

ಬೆಳಕಿಗೆ ಕಿಟಕಿಗಿಂತ ಒಳ್ಳೇದು ಇನ್ನೊಂದಿಲ್ಲ. ಕಿಟಕಿ ಪಕ್ಕಕ್ಕೆ ಬರೋ ಹಾಗೆ ಬೆಕ್ಕಿಗೆ ಇಷ್ಟದ ಬಟ್ಟೇನೋ ರಟ್ಟಿನ ಡಬ್ಬಾನೋ ಇಟ್ಟುಬಿಡಿ, ತಾನಾಗೇ ಬಂದು ಕೂರತ್ತೆ, ಎತ್ಕೊಂಡು ಹೋಗಿ ಕೂರಿಸಿದ್ರೆ ಎದ್ದು ಹೋಗತ್ತೆ. ಕಪ್ಪು ಬೆಕ್ಕಿಗೆ ಪಕ್ಕದ ಬೆಳಕೇ ಬೇಕು, ಎದುರಿಂದ ಬಿದ್ರೆ ಮೈ ಎಲ್ಲಾ ಒಂದೇ ಇದ್ದಿಲ ತುಂಡಿನ ಥರ ಕಾಣತ್ತೆ, ಪಕ್ಕದಿಂದ ಬಿದ್ರೆ ಒಂದೊಂದು ಕೂದಲೂ ಮಿಂಚತ್ತೆ. ಕ್ಯಾಮೆರಾದ ಬೆಳಕು ಅಳೆಯೋ ಮೀಟರು ಎದುರಿಗಿರೋದನ್ನೆಲ್ಲ ಬೂದು ಬಣ್ಣ ಮಾಡೋಕೆ ನೋಡತ್ತೆ, ಅದಕ್ಕೇ ಫ್ರೇಮ್ ತುಂಬಾ ಕಪ್ಪು ಬೆಕ್ಕಿದ್ರೆ ಎಕ್ಸ್‌ಪೋಷರ್ ಕಾಂಪನ್ಸೇಷನ್ (ಫೋಟೋನ ಬೆಳಕು ಜಾಸ್ತಿ ಕಮ್ಮಿ ಮಾಡೋ ಸೆಟ್ಟಿಂಗ್) ಮೈನಸ್ 0.7 ಇಂದ ಮೈನಸ್ 1, ಬಿಳಿ ಬೆಕ್ಕಿದ್ರೆ ಪ್ಲಸ್ 0.7 ಇಂದ ಪ್ಲಸ್ 1. ಫೋನಲ್ಲಿ ಬೆಕ್ಕನ್ನ ಮುಟ್ಟಿ ಫೋಕಸ್ ಮಾಡಿ ಆಮೇಲೆ ಬೆರಳು ಮೇಲೆ ಕೆಳಗೆ ಎಳೆದ್ರೆ ಅದೇ ಕೆಲಸ ಆಗತ್ತೆ.

ಕಣ್ಣಿನ ಪಾಪೆನೂ ಬೆಳಕಿನ ಜೊತೆ ಬದಲಾಗತ್ತೆ, ಜೋರು ಬಿಸಿಲಲ್ಲಿ ಉದ್ದ ಗೀರು, ಮಬ್ಬಲ್ಲಿ ದುಂಡಗೆ. ಕಣ್ಣಿನ ಬಣ್ಣ ತೋರಿಸ್ಬೇಕಾ, ಬೆಳಕಿನ ಕಡೆ ಮುಖ ಮಾಡಿದಾಗ ತೆಗೀರಿ. ಮುಗ್ಧ ಮುಖ ಬೇಕಾ, ನೆರಳಲ್ಲಿ ಕಾಯ್ರಿ. ಫ್ಲಾಶ್ ಮಾತ್ರ ಬೇಡ. ಬೆಕ್ಕಿನ ಕಣ್ಣಿನ ಹಿಂದೆ ಟ್ಯಾಪಿಟಮ್ ಲೂಸಿಡಮ್ ಅನ್ನೋ ಪದರ ಇದೆ, ಒಳಗೆ ಬಂದ ಬೆಳಕನ್ನ ವಾಪಸ್ ಕಳಿಸತ್ತೆ, ಕತ್ತಲಲ್ಲಿ ಪಾಪೆ ಪೂರ್ತಿ ತೆಗೆದಿರತ್ತೆ, ಲೆನ್ಸಿನ ಪಕ್ಕದಲ್ಲೇ ಫ್ಲಾಶ್ ಹೊಡೆದ್ರೆ ಆ ಬೆಳಕು ಸೀದಾ ಲೆನ್ಸಿಗೇ ಬಂದು ಕಣ್ಣು ಹಸಿರು ದೀಪ ಆಗತ್ತೆ. ಅದಕ್ಕಿಂತ ಮುಖ್ಯ, ಈಗಷ್ಟೇ ನಮ್ಮನ್ನ ನಂಬೋಕೆ ಶುರು ಮಾಡಿರೋ ಬೀದಿ ಮರಿ ಒಂದೇ ಫ್ಲಾಶಿಗೆ ಆ ಕಡೆ ಬರೋದನ್ನೇ ಬಿಟ್ಟುಬಿಡಬಹುದು.

ಈಗ ಮರಿಗಳ ವಿಷ್ಯ. ಇಲ್ಲಿ ನಿಜವಾಗ್ಲೂ ತಾಳ್ಮೆ ಬೇಕು. ಮರಿ ಹೊಸ್ತಿಲ ಹತ್ರ ಬರೋದನ್ನ ಗಮನಿಸಿ ನೋಡಿ: ಮೊದಲು ಮುಂದಿನ ಒಂದು ಕಾಲು ಮಾತ್ರ ಒಳಗೆ, ಮೈ ಭಾರ ಎಲ್ಲಾ ಹಿಂದಿನ ಕಾಲ ಮೇಲೆ, ಬಾಲ ನೆಲಕ್ಕೆ, ಒಂದು ಕಿವಿ ಊಟದ ಬಟ್ಟಲಿನ ಕಡೆ ಇನ್ನೊಂದು ನಮ್ಮ ಕಡೆ. ಆ ಎರಡನೇ ಕಿವಿ ಬೇರೆ ಕಡೆ ತಿರುಗೋ ತನಕ ಕ್ಯಾಮೆರಾ ಎತ್ತಬೇಡಿ. ಕಿವಿ ಎರಡೂ ಪಕ್ಕಕ್ಕೆ ಚಪ್ಪಟೆ ಆದ್ರೆ ನಾವು ಆಗ್ಲೇ ಜಾಸ್ತಿ ಹತ್ರ ಇದೀವಿ ಅಂತ ಅರ್ಥ, ಎದ್ದು ನಿಲ್ಲದೆ ಕೂತಲ್ಲೇ ಮೆಲ್ಲಗೆ ಹಿಂದೆ ಸರೀರಿ. ದಿಟ್ಟಿಸಿ ನೋಡೋದು ಬೆಕ್ಕಿಗೆ ಬೆದರಿಕೆ, ದೊಡ್ಡ ಲೆನ್ಸಿನ ಗಾಜೂ ಅದಕ್ಕೆ ದಿಟ್ಟಿಸೋ ಕಣ್ಣಿನ ಥರಾನೇ ಕಾಣ್ತಿರಬಹುದು ಅಂತ ನನ್ನ ಊಹೆ, ಅದಕ್ಕೇ ನಡು ನಡುವೆ ಕ್ಯಾಮೆರಾ ಇಳಿಸಿ ನಿಧಾನವಾಗಿ ಕಣ್ಣು ಮುಚ್ಚಿ ತೆರೀರಿ. 2020ರಲ್ಲಿ ಸೈಂಟಿಫಿಕ್ ರಿಪೋರ್ಟ್ಸಲ್ಲಿ ಬಂದ ಒಂದು ಅಧ್ಯಯನದಲ್ಲಿ, ಪರಿಚಯ ಇಲ್ಲದೋರು ಹೀಗೆ ನಿಧಾನಕ್ಕೆ ಕಣ್ಣು ಮಿಟುಕಿಸಿದಾಗ, ಸುಮ್ನೆ ಇದ್ದಾಗಿಗಿಂತ ಬೆಕ್ಕುಗಳು ಅವರು ಚಾಚಿದ ಕೈ ಹತ್ರ ಜಾಸ್ತಿ ಬಂದವು. ಕಲಿಯೋರಿಗೆ ಯಾವ ಲೆನ್ಸಿಗಿಂತ ಇದು ಉಪಯೋಗದ ವಿಷ್ಯ, ದುಡ್ಡೂ ಬೇಕಿಲ್ಲ.

ಮರಿ ಮನುಷ್ಯರಿಗೆ ಸುಲಭವಾಗಿ ಒಗ್ಗಿಕೊಳ್ಳೋದು ಹುಟ್ಟಿದ 2ರಿಂದ 7 ವಾರದ ಒಳಗೆ, ಅದು ದಾಟಿ ಬಂದ ಮರಿ ದೂರಾನೇ ಇಟ್ಕೊಂಡಿರತ್ತೆ, ಅದಕ್ಕೆ 200 ಎಂಎಂ ಥರದ ಉದ್ದ ಲೆನ್ಸ್ ಸರಿ, ಇಲ್ಲದಿದ್ರೆ ಫ್ರೇಮಲ್ಲಿ ಮರಿ ಚಿಕ್ಕದಾಗೇ ಇರಲಿ ಬಿಡಿ, ಸುತ್ತಲಿನ ಮೆಟ್ಟಿಲು, ಕುಂಡ, ನೆರಳು ಎಲ್ಲಾ ಸೇರಿ ಅದು ಎಷ್ಟು ಪುಟ್ಟದು ಅನ್ನೋದು ಇನ್ನೂ ಚೆನ್ನಾಗಿ ಗೊತ್ತಾಗತ್ತೆ. ಕಣ್ಣು ಬಿಡದ ಮರಿಗಳ ಗೂಡು ಕಂಡ್ರೆ ಮುಟ್ಟೋದು ಸರಿಸೋದು ಬೇಡ, ತಾಯಿ ಆಹಾರಕ್ಕೆ ಹೋಗಿರತ್ತೆ, ನಾವು ಅಲ್ಲೇ ನಿಂತಿದ್ರೆ ವಾಪಸ್ ಬರೋಕೆ ಹೆದರತ್ತೆ. ದೂರದಿಂದ ಒಂದೆರಡು ತೆಗೆದು ಹೊರಟುಬಿಡಿ.

ವಾಲ್ಟರ್ ಚಾಂಡೋಹಾ ಅನ್ನೋ ಅಮೆರಿಕದ ಫೋಟೋಗ್ರಾಫರ್ ಕೆಲಸಾನ ಹುಡುಕಿ ನೋಡಿ. 1949ರ ಚಳಿಗಾಲದಲ್ಲಿ ನ್ಯೂಯಾರ್ಕಿನ ಹಿಮದಲ್ಲಿ ಸಿಕ್ಕ ಒಂದು ಬೀದಿ ಮರೀನ ಮನೆಗೆ ತಂದು ಲೋಕೋ ಅಂತ ಹೆಸರಿಟ್ಟು ಅದರ ಫೋಟೋ ತೆಗೆಯೋಕೆ ಶುರು ಮಾಡಿದ್ರು, 2019ರಲ್ಲಿ ತೀರಿಕೊಳ್ಳೋ ಹೊತ್ತಿಗೆ ಅವರ ಬೆಕ್ಕಿನ ಫೋಟೋಗಳೇ ಸುಮಾರು 90,000. ಅವರಿಂದ ಕಲಿಯೋದು ಎರಡು ವಿಷ್ಯ, ನೆಲಕ್ಕೆ ಇಳಿದು ಬೆಕ್ಕಿನ ಕಣ್ಣಿನ ಮಟ್ಟದಲ್ಲಿ ತೆಗೆಯೋದು, ಮತ್ತೆ ಹಿಂದಿನಿಂದ ಬೆಳಕು ಬಿಟ್ಟು ಕೂದಲಿನ ಅಂಚು ಬೆಳಗಿಸೋದು. ನೆಲಕ್ಕೆ ಇಳಿದ್ರೆ ದೂರದ ಲೆಕ್ಕಾನೂ ಸುಧಾರಿಸತ್ತೆ, ಮೇಲಿಂದ ಬಗ್ಗಿ ನೋಡೋ ಮನುಷ್ಯನಿಗಿಂತ ನೆಲದ ಮೇಲೆ ಮಲಗಿರೋ ಮನುಷ್ಯನ್ನ ಮರಿ ಜಾಸ್ತಿ ಹತ್ರ ಬಿಟ್ಕೊಳ್ಳತ್ತೆ.

ಶಟರ್ ಸದ್ದಿಗೆ ಬೆಚ್ಚೋ ಮರಿಗೆ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಹಾಕಿ. ಮನೆಯೊಳಗೆ ಎಲ್‌ಇಡಿ ಲೈಟಲ್ಲಿ ಅದು ಫೋಟೋ ಮೇಲೆ ಪಟ್ಟೆ ಬೀಳಿಸಬಹುದು, ಆಗ ಲೈಟ್ ಆರಿಸಿ ಕಿಟಕಿ ಬೆಳಕನ್ನೇ ನಂಬಿ. ಮನೆ ಬೆಕ್ಕೂ ಹೊರಗಿನ ಮರೀನೂ ಒಂದೇ ಫ್ರೇಮಲ್ಲಿ ಬೇಕು ಅಂದ್ರೆ ನಡುವೆ ಗಾಜು ಇರಲಿ, ಎದುರು ಬದುರು ಬಿಡಬೇಡಿ, ಒಳಗಿನದು ಗುರ್ ಅಂದ್ರೆ ಹೊರಗಿನದಕ್ಕೆ ಆಮೇಲೆ ಆ ಜಾಗಾನೇ ಬೇಡ ಆಗತ್ತೆ. ರೂಮ್ ಲೈಟ್ ಆಫ್ ಮಾಡಿ ಲೆನ್ಸನ್ನ ಗಾಜಿಗೆ ತಾಗಿಸಿ ಹಿಡಿದ್ರೆ ನಮ್ಮದೇ ಪ್ರತಿಬಿಂಬ ಬರಲ್ಲ. ಮರೀನ ಮುಟ್ಟಿದ ದಿನ ಮನೆ ಬೆಕ್ಕನ್ನ ಎತ್ಕೊಳ್ಳೋ ಮುಂಚೆ ಕೈ ಚೆನ್ನಾಗಿ ತೊಳೀರಿ, ಪ್ಯಾನ್‌ಲ್ಯೂಕೋಪೀನಿಯಾ ಥರದ ಕಾಯಿಲೆ ನಮ್ಮ ಕೈ, ಬಟ್ಟೆ, ಚಪ್ಪಲಿ ಮೂಲಕಾನೂ ಹರಡತ್ತೆ.

ಕೊನೇದು ದಾಖಲೆ ಫೋಟೋ, ಇದನ್ನ ಯಾರೂ ಕಲಿಸಲ್ಲ ಆದ್ರೆ ಬೀದಿ ಮರಿಗಳಿಗೆ ಇದರಿಂದಲೇ ಜಾಸ್ತಿ ಪ್ರಯೋಜನ. ಬೆಕ್ಕಿನ ಮೈ ಪಟ್ಟೆ ಎಡಗಡೆ ಒಂದು ಥರ ಬಲಗಡೆ ಒಂದು ಥರ ಇರತ್ತೆ, ಹಾಗಾಗಿ ಎರಡೂ ಪಕ್ಕ, ಮುಖ, ಬಾಲ ಬೇರೆ ಬೇರೆ ತೆಗೆದಿಡಿ. ಕಿವಿ ತುದಿ ನೇರವಾಗಿ ಕತ್ತರಿಸಿದಂತಿದ್ರೆ ಆ ಬೆಕ್ಕಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ ಅಂತ ಗುರುತು, ಅದು ಕಾಣೋ ಹಾಗೆ ಒಂದು. ಮರಿಯ ಕಣ್ಣು ಹುಟ್ಟಿದ 7ರಿಂದ 14 ದಿನದಲ್ಲಿ ತೆರೆಯತ್ತೆ, ಮೊದಲು ಎಲ್ಲಾದಕ್ಕೂ ನೀಲಿ, 6-7 ವಾರದ ಹೊತ್ತಿಗೆ ಬಣ್ಣ ತಿರುಗೋಕೆ ಶುರು, ಹಾಗಾಗಿ ಕಣ್ಣಿನ ಹತ್ರದ ಫೋಟೋ ಇದ್ರೆ ವಯಸ್ಸು ಅಂದಾಜು ಮಾಡೋಕೆ ಡಾಕ್ಟರಿಗೂ ಸಹಾಯ. ಸಾಕೋರನ್ನ ಹುಡುಕೋಕೆ ಫೋಟೋ ಹಂಚೋವಾಗ ಕಣ್ಣು ಸ್ಪಷ್ಟವಾಗಿರೋದನ್ನೇ ಆರಿಸಿ, ಕಪ್ಪು ಮರಿಗಳಿಗಂತೂ ಇದು ಬಹಳ ಮುಖ್ಯ. ಫೋಟೋ ಫೈಲಲ್ಲಿರೋ ಲೊಕೇಷನ್ ಮಾಹಿತಿ ತೆಗೆದೇ ಕಳಿಸಿ, ಮರಿಗಳು ಎಲ್ಲಿ ಮಲಗ್ತವೆ ಅನ್ನೋದು ಅವುಗಳನ್ನ ನೋಡ್ಕೊಳ್ಳೋರಿಗೆ ಗೊತ್ತಿದ್ರೆ ಸಾಕು.