ಕರಗಲಾರದ ಸುಣ್ಣ ಕರಗಿದ ಬಗೆ

ಅಳಿವೆಯ ಚಿಪ್ಪನ್ನು ಗೂಡಿನಲ್ಲಿ ಸುಟ್ಟು ಸುಣ್ಣ ಮಾಡಿದ ನಮ್ಮ ಮಂಗಳೂರು, ಉಡುಪಿ ಕಡೆಯವರಿಗೆ ಒಂದು ಸಂಗತಿ ಗೊತ್ತು: ಎಷ್ಟೇ ಬೆಂಕಿ ಕೊಟ್ಟರೂ ಚಿಪ್ಪು ಕರಗುವುದಿಲ್ಲ. ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. 1921ರಲ್ಲಿ ಭೂವಿಜ್ಞಾನಿ ಬ್ರೊಗರ್, ನಾರ್ವೆಯ ಫೆನ್ ಎಂಬಲ್ಲಿರುವ ಕ್ಯಾಲ್ಸೈಟ್ (ಚಿಪ್ಪಿನಂತೆಯೇ ಕ್ಯಾಲ್ಸಿಯಂ ಕಾರ್ಬೊನೇಟ್‌ನ ಖನಿಜ) ಬಂಡೆ ಶಿಲಾಪಾಕವಾಗಿಯೇ, ಅಂದರೆ ನೆಲದಾಳದಲ್ಲಿ ಕರಗಿದ ದ್ರವವಾಗಿಯೇ, ಮೇಲೆದ್ದು ಬಂದದ್ದು ಎಂದು ವಾದಿಸಿ ಅದಕ್ಕೆ ಕಾರ್ಬೊನಟೈಟ್ ಎಂದು ಹೆಸರಿಟ್ಟರು. ಆಗ ಎದ್ದ ಆಕ್ಷೇಪವೂ ಹೆಚ್ಚುಕಡಿಮೆ ಗೂಡಿನದೇ. ಶಿಲಾಪಾಕದ ವಿಷಯದಲ್ಲಿ ಆ ಕಾಲದ ದೊಡ್ಡ ಮಾತು ಶಿಲಾವಿಜ್ಞಾನಿ ಬೋವೆನ್ ಅವರದು; ಅವರೇ ಒಪ್ಪಲಿಲ್ಲ.

ಉತ್ತರ ಸಿಗಲು ಸುಮಾರು 40 ವರ್ಷ ಹಿಡಿಯಿತು. ಒತ್ತಡದಲ್ಲಿ ನೀರು ಜೊತೆಗಿದ್ದರೆ ಕ್ಯಾಲ್ಸೈಟ್ 650 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕರಗುತ್ತದೆ ಎಂದು ವೈಲಿ ಮತ್ತು ಟಟಲ್ ಎಂಬ ವಿಜ್ಞಾನಿಗಳು ಪ್ರಯೋಗ ಮಾಡಿ 1960ರಲ್ಲಿ ತೋರಿಸಿದರು. ಅದೇ ವರ್ಷ ತಾಂಜಾನಿಯಾದ ಓಲ್ ದೊಯಿನ್ಯೊ ಲೆಂಗಾಯ್ ಅಗ್ನಿಪರ್ವತದಲ್ಲಿ ಕಾರ್ಬೊನೇಟ್ ಲಾವಾ ಹರಿಯುವುದನ್ನು ಭೂವಿಜ್ಞಾನಿಗಳು ಕಣ್ಣಾರೆ ಕಂಡರು. ಕಪ್ಪು ಬಣ್ಣ, ತೆಳ್ಳಗಿನ ಹರಿವು, ಬಸಾಲ್ಟ್ ಲಾವಾದ ಅರ್ಧದಷ್ಟೇ ಬಿಸಿ. ಅದು ಫೆನ್‌ನಂತೆ ಕ್ಯಾಲ್ಸೈಟ್‌ನದಲ್ಲ, ಸೋಡಿಯಂ ಹೆಚ್ಚಿರುವ ಬಗೆ ಎಂಬುದು ನಿಜ, ಆದರೂ ವಾದ ಅಲ್ಲಿಗೆ ಬಹುಪಾಲು ತಣ್ಣಗಾಯಿತು.

ಗಣಿಯವರಿಗೆ ಈ ಬಂಡೆ ಬೇಕಾದದ್ದು ಬೇರೆ ಕಾರಣಕ್ಕೆ. ನಿಯೋಡಿಮಿಯಂ, ಸೀರಿಯಂನಂಥ ವಿರಳ ಭೂಲೋಹಗಳು ಸಾಮಾನ್ಯ ಖನಿಜಗಳ ಹರಳಿನಲ್ಲಿ ಜಾಗ ಸಿಗದೆ ಪಾಕದಲ್ಲೇ ಉಳಿದು, ಕೊನೆಗೆ ಬಾಸ್ಟ್ನಸೈಟ್, ಮೊನಜೈಟ್ ಎಂಬ ಖನಿಜಗಳಾಗಿ ಗಟ್ಟಿಯಾಗುತ್ತವೆ. ನಿಯೋಬಿಯಂ ಲೋಹ ಪೈರೋಕ್ಲೋರ್ ಎಂಬ ಖನಿಜಕ್ಕೆ ಸೇರುತ್ತದೆ. ಅಪಟೈಟ್, ಫ್ಲೋರೈಟ್ ಖನಿಜಗಳೂ ಜೊತೆಗಿರುತ್ತವೆ. ಸುತ್ತಲಿನ ಬಂಡೆಯೂ ಸುಮ್ಮನಿರುವುದಿಲ್ಲ: ಸೋಡಿಯಂ, ಪೊಟ್ಯಾಸಿಯಂ ಹೀರಿ ಫೆನೈಟ್ ಎಂಬ ಬೇರೆ ಬಂಡೆಯಾಗಿ ಬದಲಾಗುತ್ತದೆ.

ಮೊನಜೈಟ್ ನಮಗೆ ಹೊಸದಲ್ಲ. ಉಳ್ಳಾಲದ ಕಡಲತೀರದ ಮರಳಿನಲ್ಲಿ ಸಹಜ ವಿಕಿರಣ ಹೆಚ್ಚಿರುವುದನ್ನು ಮಂಗಳೂರು ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು 1993ರಲ್ಲೇ ಪ್ರಕಟಿಸಿದ್ದರು. ಕಾರಣ ಮೊನಜೈಟ್‌ನೊಳಗಿನ ಥೋರಿಯಂ. ತೊಡಕಿರುವುದೂ ಅಲ್ಲೇ. ಥೋರಿಯಂ ಇದ್ದ ಮೇಲೆ ಮರಳು ಅಣುಶಕ್ತಿ ಕಾನೂನಿನ ಕೆಳಗೆ ಬರುತ್ತದೆ, ತ್ಯಾಜ್ಯದ ತಲೆನೋವೂ ಬೆನ್ನಿಗೇ ಇರುತ್ತದೆ. 1949ರಲ್ಲಿ ಯುರೇನಿಯಂ ಹುಡುಕುತ್ತಿದ್ದವರಿಗೆ ಕ್ಯಾಲಿಫೋರ್ನಿಯಾದ ಮೌಂಟೇನ್ ಪಾಸ್‌ನಲ್ಲಿ ಸಿಕ್ಕ ಬಾಸ್ಟ್ನಸೈಟ್‌ನಲ್ಲಿ ಥೋರಿಯಂ ತೀರಾ ಕಡಿಮೆ. ಅರುವತ್ತರ ದಶಕದಲ್ಲಿ ಕಲರ್ ಟಿವಿಯ ಕೆಂಪು ಬಣ್ಣಕ್ಕೆ ಯುರೋಪಿಯಂ ಬೇಕಾದಾಗ ಆ ಗಣಿಯೇ ಮುಂದಾಯಿತು. ಆಮೇಲೆ ಚೀನಾದ ಬಯಾನ್ ಓಬೊ ಗಣಿ ಎಲ್ಲರನ್ನೂ ಹಿಂದಿಕ್ಕಿತು.

ಭಾರತ ಮಾತ್ರ ಈ ಲೋಹಗಳಿಗೆ ಕಡಲತೀರದ ಮರಳಿನ ಜೊತೆಗೇ ಉಳಿಯಿತು. ಬಂಡೆ ಇಲ್ಲವೆಂದಲ್ಲ. ಗುಜರಾತಿನ ಅಂಬಾ ಡೋಂಗರ್ ಗುಡ್ಡದ ಬಂಡೆ ಕಾರ್ಬೊನಟೈಟ್ ಎಂದು 1963ರಲ್ಲೇ ಗುರುತಿಸಲಾಯಿತು. ದಖ್ಖನ್ ಲಾವಾದ ಕಾಲದ್ದು, ಸುಮಾರು 6.5 ಕೋಟಿ ವರ್ಷ ಹಳೆಯದು. ಗಣಿ ನಡೆದದ್ದು ಫ್ಲೋರೈಟ್‌ಗಾಗಿ. ನಾವು ಜಲಪಾತ ನೋಡಲು ಹೋಗುವ ಹೊಗೇನಕಲ್‌ನಲ್ಲೂ 240 ಕೋಟಿ ವರ್ಷ ಹಳೆಯ ಕಾರ್ಬೊನಟೈಟ್ ಇದೆ.

2025ರ ಏಪ್ರಿಲ್‌ನಲ್ಲಿ ಚೀನಾ ಏಳು ವಿರಳ ಭೂಲೋಹಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿದ ಮೇಲೆ ನಮ್ಮಲ್ಲೂ ಬಂಡೆಯ ಮಾತು ಜೋರಾಗಿದೆ. ಆದರೆ ಆ ಪಟ್ಟಿಯಲ್ಲಿ ಹೆಚ್ಚಾಗಿ ಇದ್ದದ್ದು ಡಿಸ್ಪ್ರೋಸಿಯಂ, ಟರ್ಬಿಯಂನಂಥ ಭಾರದ ಲೋಹಗಳು. ಕಾರ್ಬೊನಟೈಟ್‌ನಲ್ಲಿ ಹೇರಳವಾಗಿರುವುದು ಹಗುರ ಲೋಹಗಳು, ನಮ್ಮ ಮರಳಿನಲ್ಲಿರುವುದೂ ಬಹುಪಾಲು ಅವೇ. ಹಾಗಾಗಿ ಅಂಬಾ ಡೋಂಗರ್‌ನಿಂದ ನಿಯೋಡಿಮಿಯಂ ನಿರೀಕ್ಷಿಸಬಹುದು, ಡಿಸ್ಪ್ರೋಸಿಯಂಗೆ ಬೇರೆ ಕಡೆಯೇ ಹುಡುಕಬೇಕು.